ಕೆಳಗಿನ ಸ್ವಿಚ್ಚು

"ಲೈಟ್ ಹಾಕಿ ಸಾರ್, ಕತ್ತಲಲ್ಲಿ ಅವರಿಗೇನು ಕಾಣುತ್ತೆ?" ಎಂದ ಬ್ರೋಕರು. ಮನೆ ಕೊಳ್ಳಲು ಬಂದ ಗಂಡಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮನೆಯ ಯಜಮಾನ ಸೊಂಟ ಬಗ್ಗಿಸಿ, ಮೊಣಕಾಲಿಗಿಂತ ಗೇಣು ಮೇಲೆ, ಬರಿಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದ. ಹಸಿ ಪುಟ್ಟಿಯೊಳಗೆ ಬೆರಳು ಮೆತ್ತಗೆ ಇಳಿಯಿತು.

ಕಣ್ಣು ಕಟ್ಟಿದರೂ ವೈರು ಜೋಡಿಸುವ ಎಲೆಕ್ಟ್ರಿಷಿಯನ್ ಅವನು. ಮಗಳಿಗೆ ಗಾಲಿಕುರ್ಚಿ ತಂದ ವಾರವೇ ಮನೆಯ ಅಷ್ಟೂ ಸ್ವಿಚ್ ಬೋರ್ಡುಗಳನ್ನು ಅವಳ ಕೈಗೆಟುಕುವ ಹಾಗೆ ಕೆಳಗಿಳಿಸಿದ್ದ. ಅವಳೋ, ಊಟದ ಹೊತ್ತಿಗೇ ಲೈಟು ಆರಿಸಿ, "ಅಪ್ಪಾ, ಕರೆಂಟ್ ಹೋಯ್ತು! ನೀನೆಂಥ ಎಲೆಕ್ಟ್ರಿಷಿಯನ್ನು?" ಎಂದು ಗೋಳು ಹುಯ್ದುಕೊಳ್ಳುತ್ತಿದ್ದಳು. ಅವಳು ತೀರಿಕೊಂಡು ಮೊನ್ನೆಗೆ ವರ್ಷ ತುಂಬಿತ್ತು. "ಬೋರ್ಡು ಇಷ್ಟು ಕೆಳಗಿದ್ರೆ ಬಂದವರು ಯಾಕೆ ಅಂತ ಕೇಳ್ತಾರೆ" ಎಂದಿದ್ದ ಬ್ರೋಕರು. ಆಳಿಟ್ಟು ಮಾಡಿಸಲು ದುಡ್ಡಿಲ್ಲದೆ ಅವನೇ ಒಂದೊಂದನ್ನೂ ಮೇಲೇರಿಸಿ, ಹಳೆಯ ಜಾಗಕ್ಕೆ ಪುಟ್ಟಿ ಮೆತ್ತಿದ್ದ. ಮಗಳ ಈ ಕೋಣೆಗೆ ಕೈ ಹಾಕಲು ಮನಸ್ಸು ಗಟ್ಟಿಯಾದದ್ದು ಮಾತ್ರ ಇವತ್ತು ಬೆಳಿಗ್ಗೆ.

"ಏನಾದ್ರೂ ಬಿತ್ತಾ?" ಬಂದಾಕೆ ಕೇಳಿದಳು. ಅವನು ಬೆರಳು ಹಿಂದಕ್ಕೆಳೆದುಕೊಂಡ. ಹಿಂದೆ ನಿಂತಿದ್ದ ಅವನ ಹೆಂಡತಿ ಮುಂದೆ ಬಂದು ಮೇಲಿನ ಸ್ವಿಚ್ಚು ಒತ್ತಿ, ಆ ಗುರುತು ಕಾಣದ ಹಾಗೆ ಗೋಡೆಗೆ ಒರಗಿ ನಿಂತಳು. "ನೀವು ಅಡುಗೆಮನೆ ತೋರಿಸ್ತಾ ಇರಿ, ನಾನು ಬಂದೆ."

ಎಲ್ಲರೂ ಮುಂದೆ ಹೋದ ಮೇಲೆ ಅವನು ಹೊಸ್ತಿಲಲ್ಲಿ ಹಿಂತಿರುಗಿ ನೋಡಿದ. ಹೆಂಡತಿ ನೆಲದ ಮೇಲೆ ಕೂತು, ಅವನ ಬೆರಳು ಬಿದ್ದ ಗುಳಿಯನ್ನು ತನ್ನ ಬೆರಳಿನಿಂದ ಒತ್ತುತ್ತಿದ್ದಳು. ಒಂದು ಸಲ, ಮತ್ತೊಂದು ಸಲ.