ಅಡ್ಡಕಂಬದ ಅಂಗಿ

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನೋದನ್ನ ಕೇಳಿದ್ದೆ. ಕಾವಲುಗಾರನೇ ಹೋಗಿ ತನ್ನ ಗೇಟಿಗೆ ಗುದ್ದಿದ್ದನ್ನ ಇದೇ ಮೊದಲು ನೋಡ್ತಿರೋದು!" ಎನ್ನುತ್ತ ಅಕ್ಕ ತಮ್ಮನ ಹಣೆಗೆ ಸುತ್ತಿದ್ದ ಬ್ಯಾಂಡೇಜನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು.

"ಮುಟ್ಟಬೇಡಕ್ಕ, ನೋಯುತ್ತೆ." ತಮ್ಮ ಮುಖ ಕಿವುಚಿದ. "ಕಂಬಕ್ಕೆ ಎಂಥ ಬಣ್ಣ ಬಳಿದಿದ್ದಾರೆ ನೋಡು, ಬೂದಿ ಬಣ್ಣ. ಮುಸ್ಸಂಜೆಗೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಸೈಕಲ್ಲಲ್ಲಿ ಬಂದೋನಿಗೆ ಕಾಣೋದಾದ್ರೂ ಹೇಗೆ?"

ಮಾತು ಸುಳ್ಳಲ್ಲ. ಗೋದಾಮಿನ ಬಾಗಿಲಿಗೆ ಅಡ್ಡ ಇಳಿಸುವ ಆ ಕಬ್ಬಿಣದ ಕಂಬ ಹೊತ್ತು ಮುಳುಗಿದರೆ ಇದ್ದೂ ಇಲ್ಲದಂತೆ. ಅಕ್ಕನದು ಹೊಲಿಗೆ ಅಂಗಡಿ. ರಸ್ತೆ ಕೆಲಸದವರ ಅಂಗಿಗಳಿಗೆ ರೇಡಿಯಂ ಪಟ್ಟಿ ಕೂರಿಸಿಕೊಡುತ್ತಿದ್ದಳು. ಮೇಲೆ ಬೆಳಕು ಬಿದ್ದರೆ ಮಾತ್ರ ಮಿಂಚುವ ಪಟ್ಟಿ. ಉಳಿದ ತುಂಡುಗಳನ್ನೆಲ್ಲ ದಪ್ಪ ಕೆಂಪು ಬಟ್ಟೆಗೆ ಹೊಲಿದು, ಕಂಬಕ್ಕೆ ತೊಡಿಸಲು ಉದ್ದನೆಯ ತೋಳು ಮಾಡಿ ತಂದಿದ್ದಳು.

"ನನ್ನ ಗಿರಾಕಿಗಳಲ್ಲಿ ಅಳತೆ ಕೊಡೋವಾಗ ಅಲುಗಾಡದೆ ನಿಂತೋನು ಅಂದ್ರೆ ಇವನೊಬ್ನೇ" ಎಂದು ಕಂಬದ ತುದಿಗೆ ತೋಳು ತೂರಿಸಿದಳು. ತಮ್ಮ ಆ ಬಟ್ಟೆಯನ್ನು ತಡವಿಕೊಳ್ಳುತ್ತ ಬುಡದತ್ತ ಎಳೆದುಕೊಂಡ.

ಮೊದಲು ಅದೇ ಜಾಗದಲ್ಲಿ ಉದ್ದನೆಯ ಬಿದಿರೊಂದಿತ್ತು. ಆಗ ಕಾವಲಿಗಿದ್ದವರು ಅಪ್ಪ. ವಾರಕ್ಕೊಮ್ಮೆ ನಾರಿನ ಕುಂಚ ಹಿಡಿದು ಬಿದಿರಿಗೆ ಬೆಳ್ಳಗೆ ಸುಣ್ಣ ಬಳಿಯುತ್ತಿದ್ದರು. ಭಾರಕ್ಕೆಂದು ಬುಡದಲ್ಲಿ ಕಲ್ಲು ತುಂಬಿದ ಎಣ್ಣೆ ಡಬ್ಬ ಕಟ್ಟಿದ್ದರು. ಶಾಲೆ ಬಿಟ್ಟು ಬಂದ ಮಕ್ಕಳಿಬ್ಬರೂ ತುದಿಗೆ ಜೋತುಬಿದ್ದರೆ ಸಾಕು, ಅಪ್ಪ ಡಬ್ಬದ ಮೇಲೆ ಮೈಭಾರವನ್ನೆಲ್ಲ ಹಾಕುವರು. ಇವರು ಕಿರುಚಿಕೊಳ್ಳುತ್ತ ಆಕಾಶಕ್ಕೇರುವರು. ಮನೆ ಸೇರುವಾಗ ಎದೆಯ ಮೇಲೆಲ್ಲ ಸುಣ್ಣದ ಪಟ್ಟೆ. "ಬಂದ್ವು ನೋಡಿ ಗೇಟನ್ನೇ ಮೈಗೆ ಬಳ್ಕೊಂಡು!" ಎಂದು ಅಮ್ಮ ಅಪ್ಪನನ್ನೂ ಸೇರಿಸಿಯೇ ಬೈಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕೆಲಸ ತಮ್ಮನಿಗೆ ಬಂತು. ಹಾರ್ನ್ ಕೇಳಿಯೇ ಯಾವ ಲಾರಿ, ಯಾವ ಡ್ರೈವರ್ ಎಂದು ಹೇಳಿಬಿಡುತ್ತಾನೆ ಎಂದು ಈಚೆಗೆ ಗೋದಾಮಿನಲ್ಲೆಲ್ಲ ಅವನ ಹೆಸರು.

"ಅಪ್ಪ ಏನಂತಿದ್ರು, ಜ್ಞಾಪಕ ಇದ್ಯಾ ಅಕ್ಕ?"

"ಇಲ್ದೆ ಏನು? ಹತ್ತಿರ ಬಂದ್ಮೇಲೆ 'ನಿಲ್ಲು' ಅಂದ್ರೆ ಅದು ಬೈಗುಳ, ದೂರದಿಂದ್ಲೇ ಅಂದ್ರೆ ಮರ್ಯಾದೆ."

ಇಬ್ಬರೂ ನಕ್ಕರು.

ದಾರಗಳನ್ನು ಬಿಗಿದು ಗಂಟು ಹಾಕುವಷ್ಟರಲ್ಲಿ ಕತ್ತಲಾಗಿತ್ತು. ದೂರದಿಂದ ಹೇಗೆ ಕಾಣುತ್ತದೋ ನೋಡೋಣವೆಂದು ಅಕ್ಕ ಟಾರ್ಚು ಹಿಡಿದು ರಸ್ತೆಯ ತಿರುವಿನತ್ತ ಹೊರಟಳು. ತಮ್ಮ ಅವಳ ಭುಜದ ಮೇಲೆ ಕೈಯಿಟ್ಟು ಜೊತೆಗೆ ನಡೆದ. ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದರೆ, ಕಂಬವಿದ್ದ ಕಡೆ ಬರೀ ಕತ್ತಲು. ಅಕ್ಕ ಟಾರ್ಚಿನ ಗುಂಡಿಗಾಗಿ ತಡಕಾಡುತ್ತಿದ್ದಳು.

"ಅಬ್ಬಬ್ಬಾ, ಏನು ಹೊಳಪು ಅಕ್ಕ! ಅಪ್ಪ ಇದ್ದಿದ್ರೆ ನಿನ್ನ ಬೆನ್ನು ತಟ್ಟೋರು" ಎಂದ ತಮ್ಮ.

ಅಕ್ಕನ ಬೆರಳು ಗುಂಡಿಯ ಮೇಲೆಯೇ ನಿಂತಿತು. ಯಾವಾಗಿನಿಂದ ಹೀಗೆ ಕಣೋ ಎಂದು ಕೇಳಬೇಕೆನಿಸಿತು. ಗುಂಡಿ ಒತ್ತಿದಳು. ಅಡ್ಡಕಂಬ ಉದ್ದಕ್ಕೂ ಧಗ್ಗನೆ ಹೊತ್ತಿಕೊಂಡಿತು.

ತಮ್ಮ ಮಾತ್ರ ಪಕ್ಕದ ಗೋಡೆಯತ್ತ ಮುಖ ಮಾಡಿ ಮೊದಲಿನಂತೆಯೇ ನಗುತ್ತಿದ್ದ.