ಮಾವನವರ ಒಂದು ಸುತ್ತು

ಏರಿನ ನಡುವೆ ಟ್ರಕ್ಕು ಕೂತುಬಿಟ್ಟಿತು. ಹಿಂದಿನ ಚಕ್ರಗಳು ಕೆಸರೆರಚುತ್ತಾ ಇದ್ದಲ್ಲೇ ಸುತ್ತಿದವು. ಹಿಂದೆ ರಟ್ಟಿನ ಪೆಟ್ಟಿಗೆಗಳ ತುಂಬ ನಿನ್ನೆಯಷ್ಟೇ ಮೊಟ್ಟೆಯೊಡೆದು ಬಂದ ಕೋಳಿಮರಿಗಳು ಒಂದೇ ಸಮನೆ ಚಿಂವ್‌ಗುಟ್ಟುತ್ತಿದ್ದವು. ಗಾಳಿ ತಣ್ಣಗಾಗುತ್ತಿತ್ತು. ಮರಿ ಕೊಳ್ಳುವವರ ಫಾರಂ ದಿಬ್ಬದ ತುದಿಯಲ್ಲೇ ಕಾಣುತ್ತಿತ್ತು. ಅಲ್ಲಿನ ಬಿಸಿ ದೀಪದ ಕೆಳಗೆ ಬೇಗ ಸೇರಿಸದಿದ್ದರೆ ಅವು ಉಳಿಯುವಂತಿರಲಿಲ್ಲ.

ಅತ್ತೆ ಗೇರಿನ ಪಕ್ಕದ ಪುಟ್ಟ ಲಿವರನ್ನು ಜಗ್ಗಿ ಎಳೆದರು. "ನೋಡು, ನಾಲ್ಕೂ ಚಕ್ರಕ್ಕೆ ಹಾಕ್ದೆ. ಇನ್ನು ಗೋಡೆ ಬೇಕಾದ್ರೂ ಹತ್ತುತ್ತೆ."

ಗಾಡಿ ಇನ್ನಷ್ಟು ಹೂತುಕೊಂಡಿತು.

ಸೊಸೆ ಕಿಟಕಿಯಿಂದ ಬಗ್ಗಿ ನೋಡಿದಳು. "ಅತ್ತೆ, ಮುಂದಿನ ಚಕ್ರ ಅಲ್ಲಾಡ್ತಾನೇ ಇಲ್ಲ."

"ಅಲ್ಲಾಡದೆ ಏನು? ಇಷ್ಟು ವರ್ಷದಿಂದ ಹತ್ತಿಸ್ತಿದೀನಿ. ಇವತ್ತೇ ಇದಕ್ಕೇನು ಧಾಡಿ ಬಂತೋ! ನಿಮ್ಮ ಮಾವ ಮೊಣಕಾಲಿಗೆ ಪಟ್ಟಿ ಕಟ್ಟಿಸ್ಕೊಂಡು ಮಲಗಿರೋದು ಇದಕ್ಕೂ ಗೊತ್ತಾಯ್ತೇನೋ."

"ಮಾವನೂ ಓಡಿಸ್ತಿದ್ರಾ?"

"ಅವರಾ? ಸ್ಟೇರಿಂಗ್ ಮುಟ್ಟಿದ್ರೇ ಬೆವರ್ತಾರೆ. ಪಕ್ಕದಲ್ಲಿ ಕೂತು ಬರೋರು, ಕೆಸರು ಕಂಡ ಕೂಡ್ಲೇ 'ಒಂದು ನಿಮಿಷ ತಡಿ' ಅಂತ ಇಳಿದುಬಿಡೋರು. ಗಾಡಿ ಸುತ್ತ ಒಂದು ಸುತ್ತು ಹಾಕಿ, ಪ್ಯಾಂಟಿಗೆ ಕೈ ಒರೆಸ್ಕೊಂಡು ಬಂದು ಕೂರೋರು. ಪಾಪ, ಅವಸರ ಆಗಿರುತ್ತೆ ಅಂತ ನಾನೂ ಆ ಕಡೆ ನೋಡ್ತಿರ್ಲಿಲ್ಲ."

ಸೊಸೆಗೆ ನಗು ಉಕ್ಕಿ ಬಂತು. ಅವಳ ತವರಿನಲ್ಲೂ ಇಂಥದೇ ಹಳೇ ಟ್ರಕ್ಕಿತ್ತು. ಚಪ್ಪಲಿ ಬಿಟ್ಟು ಕೆಸರಿಗಿಳಿದು, ಮುಂದಿನ ಚಕ್ರದ ನಟ್ಟನಡುವೆ ಇದ್ದ ತಿರುಗಿಸುವ ಗುಂಡಿಯನ್ನು ಬೆರಳಿಂದ ಒರೆಸಿದಳು. ಬಾಣದ ಗುರುತು 'ಫ್ರೀ' ಕಡೆಗಿತ್ತು. 'ಲಾಕ್' ಕಡೆಗೆ ತಿರುಗಿಸಿದಳು, ಕಟಕ್ಕೆಂದು ಕೂತಿತು. ಆಚೆ ಬದಿಯ ಚಕ್ರದ್ದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಅತ್ತೆ, ಚೂರೇ ಚೂರು ಹಿಂದಕ್ಕೆ ಬಿಡಿ!"

ಗಾಡಿ ಒಂದಿಷ್ಟು ಹಿಂದೆ ಸರಿಯಿತು. ಬಿಗಿ ಸಡಿಲವಾಗಿ ಆ ಗುಂಡಿಯೂ ತಿರುಗಿತು.

"ಈಗ ಬಿಡಿ ಮುಂದಕ್ಕೆ!"

ಮುಂದಿನ ಚಕ್ರಗಳು ನೆಲವನ್ನು ಕಚ್ಚಿದವು. ಟ್ರಕ್ಕು ಮೈ ಕೊಡವಿಕೊಂಡು, ಏದುಸಿರು ಬಿಡುತ್ತಾ ದಿಬ್ಬ ಹತ್ತಿತು.

ಮರಿಗಳೆಲ್ಲ ದೀಪದ ಕೆಳಗೆ ಗುಂಪುಗೂಡಿ ಸುಮ್ಮನಾದ ಮೇಲೆ, ಅತ್ತೆ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಆ ಗುಂಡಿಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಇದನ್ನ ತಿರುಗಿಸ್ದೆ ಬರೀ ಲಿವರ್ ಎಳೆದ್ರೆ?"

"ಮುಂದಿನ ಚಕ್ರಕ್ಕೆ ಎಳೆತ ಸಿಗಲ್ಲ ಅತ್ತೆ."

ಅತ್ತೆಯ ಮುಖ ಕೆಂಪಾಯಿತು. "ಓಹೋ, ಆ ಒಂದು ಸುತ್ತು ಇದಕ್ಕಾ! ಬಂದೋರ ಮುಂದೆಲ್ಲ 'ನನ್ನ ಹೆಂಡ್ತಿ ಎಂಥಾ ಏರನ್ನಾದ್ರೂ ಹತ್ತಿಸ್ತಾಳೆ' ಅಂತಾರಲ್ಲ, ಈ ಮನುಷ್ಯ!"

ಅಷ್ಟರಲ್ಲಿ ಫೋನು ಬಂತು. ಮಾವನ ದನಿಯಲ್ಲಿ ಆತಂಕ. "ಏನೇ, ಎಲ್ಲೂ ಕೂತುಕೊಳ್ಳಲಿಲ್ವಾ ಗಾಡಿ?"

ಅತ್ತೆ ಸೊಸೆಯನ್ನು ನೋಡಿದರು. "ಯಾಕೆ ಕೂರುತ್ತೆ? ಲಿವರ್ ಎಳೆದೆ, ಹತ್ತಿತು."

ಮಾವನ ದನಿ ಮೆಲ್ಲಗಾಯಿತು.

"ಬರೀ ಲಿವರ್ರಾ?"

"ಮತ್ತಿನ್ನೇನಿದೆ ಅದರಲ್ಲಿ?"

"ಏನಿಲ್ಲ, ಏನಿಲ್ಲ... ನೀನು ಓಡಿಸಿದ್ರೆ ಹತ್ತದೆ ಇರುತ್ತಾ!"

ಫೋನಿಟ್ಟ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು:

"ಮನೇಲಿ ಬಾಯಿ ಬಿಡ್ಬೇಡ ಮತ್ತೆ. ಪಾಪ, ಅವರ ಹತ್ರ ಇರೋದು ಇದೊಂದೇ ಗುಟ್ಟು."