ನೀರೂ ಬ್ಯಾಡ ದೊಡ್ಡವ್ವ

ಓಟದ ವಿಷಯ ಅಷ್ಟಾಗಿ ತಿಳಿಯದವರು ಓಟದ ಕಥೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಓದುವವರು ಮನ್ನಿಸಬೇಕು. ಬೋರನಕಣಿವೆಯಿಂದ ಹೊರಟು, ಗುಡ್ಡಗಳನ್ನು ಹತ್ತಿಳಿದು, ಚಿಕ್ಕನಾಯಕನಹಳ್ಳಿಯಲ್ಲಿ ಮುಗಿಯುವ ಮ್ಯಾರಥಾನಿನಲ್ಲಿ ಶಿಲ್ಪ ಎಲ್ಲರಿಗಿಂತ ಹಿಂದಿದ್ದಳು. ಬೆಳಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ಎದೆಗೆ ಚುಚ್ಚಿಕೊಂಡಿದ್ದ ನಂಬರಿನ ಕಾಗದ ನೆನೆದು ಎಲ್ಲೋ ಕಳಚಿ ಬಿದ್ದಿತ್ತು. ಓಡಲಾರದವರನ್ನು ಹತ್ತಿಸಿಕೊಳ್ಳುವ ವ್ಯಾನು ಹಿಂದಿನ ಏರಿನಲ್ಲಿ ಗುರುಗುಟ್ಟುತ್ತಿತ್ತು. ಅದು ಅವಳನ್ನು ದಾಟಿದರೆ ಅವಳ ಓಟ ಮುಗಿದಂತೆ.

ಮುಂದೆ ರಸ್ತೆಯ ಪಕ್ಕದಲ್ಲೇ ದೊಡ್ಡವ್ವ ಹನುಮಕ್ಕನ ಮನೆ. ತಿಪಟೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ಅವ್ವ ಕೆಂಪಕ್ಕ ನಿನ್ನೆ ಕೈ ಹಿಡಿದುಕೊಂಡು, "ಹೆಂಗೂ ಅಕ್ಕನ ಮನೆ ಮುಂದೇ ಓಡ್ತೀಯ. ಒಂದ್ ದಪ ಬಂದು ಮಕ ತೋರ್ಸಿ ಹೋಗು ಅನ್ನೇ" ಎಂದಿದ್ದಳು. ಶಿಲ್ಪ ಹೂಂ ಅಂದಿರಲಿಲ್ಲ. ಹಿಂದೆಯೂ ಈ ಮಾತು ಹೊತ್ತು ತಂದು ಬೈಸಿಕೊಂಡು ಹೋಗಿದ್ದಳು. ಅಜ್ಜಿ ಶಿಲ್ಪಳ ಮನೆಯಲ್ಲಿ ತೀರಿಕೊಂಡಾಗ, ಒಬ್ಬರು ಹೇಳಿರುತ್ತಾರೆಂದು ಇನ್ನೊಬ್ಬರು ಸುಮ್ಮನಿದ್ದು, ಹನುಮಕ್ಕನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. "ಹೆತ್ತವ್ವನ ಮಕ ನೋಡ್ದಂಗೆ ಮಾಡಿದೋರ ಹೊಸ್ಲು ತುಳಿಯಲ್ಲ" ಎಂದವಳು ಅಂದಿನಿಂದ ತಂಗಿಯ ಫೋನನ್ನೂ ಎತ್ತಿರಲಿಲ್ಲ. ಇವತ್ತು ಬೈಸಿಕೊಳ್ಳುವಷ್ಟು ತ್ರಾಣವೂ ಶಿಲ್ಪಳಲ್ಲಿ ಉಳಿದಿರಲಿಲ್ಲ. ತಲೆ ತಗ್ಗಿಸಿ ದಾಟಿಬಿಡೋಣ ಎಂದುಕೊಂಡಳು.

"ಯಾರೇ ಅದು, ಶಿಲ್ಪಾನಾ?"

ಮಳೆಗೆಂದು ಗೊಬ್ಬರದ ಚೀಲದ ಕೊಪ್ಪೆಯನ್ನು ತಲೆಗೆ ಹಾಕಿಕೊಂಡಿದ್ದ ಹನುಮಕ್ಕ ತೋಟದಿಂದ ಈಗಷ್ಟೇ ಬಂದಿದ್ದಳು. ಉಳಿದ ಓಟಗಾರರು ದಾಟಿಹೋದದ್ದನ್ನು ಕಂಡಿರಲಿಲ್ಲ. ಸೂರಿನಡಿಯ ಒಲೆಯಲ್ಲಿ ತೆಂಗಿನ ಕರಟ ಧಗಧಗ ಉರಿಯುತ್ತಿತ್ತು, ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಶಿಲ್ಪಳ ಕಾಲುಗಳು ಅವಳನ್ನು ಕೇಳದೆಯೇ ನಿಂತವು.

"ಮಳೇಲಿ ಯಾಕ್ ನಿಂತೆ? ಒಳೀಕ್ ಬಾ."

"ಒಳೀಕ್ ಬರಂಗಿಲ್ಲ ದೊಡ್ಡವ್ವ."

"ನೀರಾರ ಕುಡಿ."

ದಾರಿಯಲ್ಲಿ ಕುಡಿದದ್ದರ ಮೇಲೆ ಇನ್ನೊಂದು ಗುಟುಕು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುವಂತಿತ್ತು. "ನೀರೂ ಬ್ಯಾಡ ದೊಡ್ಡವ್ವ. ನಿಲ್ಲಂಗಿಲ್ಲ. ಮುಂದ್ಕೆ ಹೋಗ್ಬೇಕು."

ಹನುಮಕ್ಕನ ಮುಖ ಬಿಳಿಚಿತು. ಅವಳು ಕಂಡಂತೆ ಹಾಗೆ ಬರುವವರು ಸಾವು ಹೇಳಲು ಬಂದವರು ಮಾತ್ರ. ಅವರು ಹೊಸಿಲು ತುಳಿಯುವುದಿಲ್ಲ, ನೀರು ಮುಟ್ಟುವುದಿಲ್ಲ, ಅಂಗಳದಲ್ಲೇ ಹೇಳಿ ಮುಂದಿನ ಊರಿಗೆ ನಡೆಯುತ್ತಾರೆ. ಆ ಸುದ್ದಿ ಕೇಳಿದ ಮನೆಯಲ್ಲಿ ಒಲೆ ಉರಿಯಬಾರದು.

"ಅಯ್ಯೋ, ಕೆಂಪಿ ಹೋಗ್ಬುಟ್ಲಾ!" ಎಂದವಳೇ ಬಿಂದಿಗೆ ಎತ್ತಿ ಒಲೆಗೆ ಸುರಿದಳು. ಬುಸ್ಸೆಂದು ಹೊಗೆ ಎದ್ದಿತು. ಆ ಹೊಗೆಯಲ್ಲೇ ಕುಸಿದು ಕುಳಿತಳು. "ಈ ದಪನಾರ ಹೊತ್ತಿಗ್ ಸರ್ಯಾಗಿ ಹೇಳಾಕ್ ಬಂದ್ಯಲ್ಲೇ ಮಗಾ... ವರ್ಸ ವರ್ಸ ಅವ್ಳಿಗೆ ಅಂತ ಅಟ್ಟದ ಮ್ಯಾಲೆ ಕೊಬ್ರಿ ಎತ್ತಿಟ್ಟು ಎತ್ತಿಟ್ಟು ಹುಳ ಹಿಡ್ಸಿದ್ನಲ್ಲೇ ನಾನು! ಒಂದ್ ಗಿಟುಕಾನೂ ಕೊಡ್ಲಿಲ್ವಲ್ಲೇ!"

ಶಿಲ್ಪ ಸುಮ್ಮನಿದ್ದರೆ ಸಾಕಿತ್ತು; ದೊಡ್ಡವ್ವ ಉಟ್ಟ ಸೀರೆಯಲ್ಲೇ ತಿಪಟೂರಿಗೆ ಹೊರಡುತ್ತಿದ್ದಳು, ಅವ್ವನ ಆಸೆ ತೀರುತ್ತಿತ್ತು. ಬಾಯಿ ತೆರೆಯಲೂ ಆಯಾಸ. ಆದರೆ ಬದುಕಿರುವ ಅವ್ವನಿಗಾಗಿ ಅಳುವ ಆ ಅಳುವನ್ನು ಕೇಳುತ್ತಾ ನಿಲ್ಲುವುದು ಅದಕ್ಕಿಂತ ಆಯಾಸ.

"ಅವ್ವ ಬದುಕವ್ಳೆ ದೊಡ್ಡವ್ವ. ತಿಪಟೂರ್ ಆಸ್ಪತ್ರೇಲಿ ಅವ್ಳೆ. ನಾನು ಪಂದ್ಯಕ್ಕೆ ಓಡ್ತಿರಾದು."

ಅಳು ತಟ್ಟನೆ ನಿಂತಿತು. "ಪಂದ್ಯನಾ? ಈ ಮಳೇಲಾ? ಎಲ್ಲೇ ಮಿಕ್ಕೋರು?"

"ಎಲ್ರೂ ಮುಂದ್ಕೋದ್ರು."

"ಥೂ ನಿನ್! ಜೀವ ಬಾಯಿಗ್ ಬಂದಿತ್ತಲ್ಲೇ!" ಹನುಮಕ್ಕ ಮೂಗು ಒರೆಸಿಕೊಂಡು ಎದ್ದಳು. ಅತ್ತದ್ದು ಕಂಡುಬಿಟ್ಟಿತಲ್ಲ ಎಂಬಂತೆ ಮುಖ ತಿರುಗಿಸಿ ಬಾಗಿಲಿನ ಕಡೆ ನಡೆದಳು. ಇನ್ನು ಈ ಬಾಗಿಲು ತೆರೆಯುವುದಿಲ್ಲ ಎಂದುಕೊಂಡಳು ಶಿಲ್ಪ.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಡ್ರೈವರ್ ಗಂಗಾಧರ್ ಕಿಟಕಿಯಿಂದ ತಲೆ ಹಾಕಿದ. "ಹತ್ರೀ ಮೇಡಂ, ಸಾಕು. ನಿಮ್ಮಿಂದ ನಂಗೂ ಊಟ ಇಲ್ಲ."

ಶಿಲ್ಪ ವ್ಯಾನಿನ ಬಾಗಿಲಿಗೆ ಕೈ ಚಾಚಿದಳು.

"ಈ ಗಾಡಿ ಎಲ್ಲೀಗಂಟ ಹೋಯ್ತದಪ್ಪ?" ಬಾಗಿಲ ಬಳಿಯಿಂದ ಹನುಮಕ್ಕ ಕೇಳಿದಳು.

"ಚಿಕ್ಕನಾಯಕನಹಳ್ಳಿಗಂಟ ಅಜ್ಜಿ."

ಅಲ್ಲಿಂದ ತಿಪಟೂರಿಗೆ ಬಸ್ಸಿತ್ತು. ಹನುಮಕ್ಕ ಒಲೆಯನ್ನು ನೋಡಿದಳು. ಕಪ್ಪು ನೀರು ಅಂಗಳಕ್ಕೆ ಹರಿಯುತ್ತಿತ್ತು. "ಸಾವು ಅಂತ ಒಲೆ ಆರ್ಸ್‌ಬುಟ್ಟೆ. ಅವ್ಳ ಮಕ ನೋಡ್ಕಂಡ್ ಬರ್ದಂಗೆ ಮತ್ತೆ ಹೆಂಗೇ ಹಚ್ಚಾದು?" ಎಂದು ಯಾರಿಗೋ ಎಂಬಂತೆ ಗೊಣಗಿ, ಬಾಗಿಲು ಎಳೆದುಕೊಂಡು ಬಂದು ವ್ಯಾನು ಹತ್ತಿದಳು.

"ಅಜ್ಜಿ, ಇದು ಓಡಕ್ಕಾಗ್ದೋರಿಗೆ ಕಣಜ್ಜಿ!"

"ನನ್ ಕೈಲಿ ಓಡಕ್ಕಾಯ್ತದೇನ್ಲಾ? ನಡಿ." ಆಮೇಲೆ ಶಿಲ್ಪಳ ಕಡೆ ತಿರುಗಿ, "ನೀನ್ಯಾಕೆ ಹತ್ತೀಯ? ಹೊಂಟಿದ್ದು ಹೊಂಟಿದ್ದೀಯ, ಓಡು. ಹಿಂದೆ ಬತ್ತೀನಿ" ಎಂದಳು.

ಶಿಲ್ಪ ಕೈ ಹಿಂದಕ್ಕೆ ತೆಗೆದುಕೊಂಡಳು. ಮುಂದೆ ಇನ್ನೊಂದು ಏರು. ನಡೆಯುವುದಕ್ಕಿಂತ ಒಂದಿಷ್ಟು ಜೋರಾಗಿ, ಓಡುವುದಕ್ಕಿಂತ ಒಂದಿಷ್ಟು ನಿಧಾನವಾಗಿ ಹತ್ತತೊಡಗಿದಳು. ಹಿಂದೆ ವ್ಯಾನು ಅವಳ ಹೆಜ್ಜೆಗೆ ಸರಿಯಾಗಿ ತೆವಳುತ್ತಿತ್ತು. ಒಳಗೆ ಹನುಮಕ್ಕ, ನೆನೆದ ಕೊಪ್ಪೆಯನ್ನು ತಲೆಯಿಂದ ತೆಗೆಯದೆ ಕುಳಿತಿದ್ದಳು.

ಅವಳನ್ನು ಆ ವ್ಯಾನಿಗೆ ಹತ್ತಿಸಿದ್ದು ತಂಗಿಯೋ ಒಲೆಯೋ ಶಿಲ್ಪಳಿಗೆ ಇವತ್ತಿಗೂ ಗೊತ್ತಿಲ್ಲ.